ಬ್ಯಾನ್ ಆದ ಮೇಲೂ ಬೆಟ್ಟಿಂಗ್ ಹೇಗೆ ನಡೀತಿದೆ?

ಅಣ್ಣ, ನೀವು ಕೇಳಿದ್ದು ಎರಡು: ಸರ್ಕಾರ ಬ್ಯಾನ್ ಮಾಡಿದ ಮೇಲೂ ಹುಡುಗರ ಫೋನಲ್ಲಿ ಬೆಟ್ಟಿಂಗ್ ಹೇಗೆ ನಡೀತಿದೆ, ಅಡಿಕೆ ಮಾರಿದ ದುಡ್ಡು ಅದಕ್ಕೆ ಹೋಗದ ಹಾಗೆ ನೋಡಿಕೊಳ್ಳೋದು ಹೇಗೆ ಅಂತ.

ಬ್ಯಾನ್ ನಾಟಿದೆ, ಆದರೆ ಇಲ್ಲಿ ಆಫೀಸು, ವಿಳಾಸ ಇರೋ ಕಂಪನಿಗಳಿಗೆ ಮಾತ್ರ. 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಕೇಂದ್ರದ ಕಾಯಿದೆಯಲ್ಲಿ ದುಡ್ಡಿನ ಆಟ ಆಡಿಸಿದರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷ, 50 ಲಕ್ಷದವರೆಗೆ. ಡ್ರೀಮ್11, ಎಂಪಿಎಲ್ ಬೇಗನೆ ದುಡ್ಡಿನ ಆಟ ನಿಲ್ಲಿಸಿದವು. 2021ರಲ್ಲಿ ಆನ್‌ಲೈನ್ ಜೂಜು ತಡೆಯೋಕೆ ಕರ್ನಾಟಕ ಪೊಲೀಸ್ ಕಾಯಿದೆಗೆ ತಂದಿದ್ದ ತಿದ್ದುಪಡಿಯನ್ನು ಮಾತ್ರ 2022ರ ಫೆಬ್ರವರಿಯಲ್ಲಿ ಹೈಕೋರ್ಟೇ ರದ್ದು ಮಾಡಿತ್ತು, ಕೌಶಲದ ಆಟವನ್ನೂ ಜೂಜಿನ ಜೊತೆ ಕಟ್ಟಿದ್ದರು ಅಂತ. ಕೇಂದ್ರದವರು ಈ ಸಲ ಕೌಶಲವೋ ಅದೃಷ್ಟವೋ ಅನ್ನೋ ತಕರಾರನ್ನೇ ಇಟ್ಟುಕೊಂಡಿಲ್ಲ.

ವಿದೇಶದಿಂದ ನಡೆಸೋ ಸೈಟುಗಳಿಗೂ ಕಾಯಿದೆ ಅನ್ವಯಿಸುತ್ತೆ, ಆದರೆ ಅವರನ್ನು ಹಿಡಿಯೋದು ಕಷ್ಟ. ಒಂದನ್ನು ಬ್ಲಾಕ್ ಮಾಡಿದರೆ ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿಕೊಂಡು ಮತ್ತೆ ಬರ್ತವೆ, ಹೊಸ ಲಿಂಕ್ ಟೆಲಿಗ್ರಾಂನಲ್ಲಿ ಸಿಗುತ್ತೆ. ಊರುಗಳಲ್ಲಿ ಜಾಸ್ತಿ ನಡೆಯೋದು ‘ಐಡಿ’ ವ್ಯವಹಾರ. ಬುಕ್ಕಿ ವಾಟ್ಸಾಪಲ್ಲಿ ಐಡಿ, ಪಾಸ್‌ವರ್ಡ್ ಕೊಡ್ತಾನೆ. ದುಡ್ಡು ಯಾರದೋ ಯುಪಿಐಗೆ ಹೋಗುತ್ತೆ, ಐಡಿಗೆ ಪಾಯಿಂಟ್ಸ್ ಬೀಳುತ್ತೆ. ಸೈಟಿನೊಳಗೆ ದುಡ್ಡೇ ಓಡಾಡಲ್ಲ, ಬ್ಯಾಂಕಿನವರ ಕಣ್ಣಿಗೆ ಅದು ರಮೇಶ ಸುರೇಶನಿಗೆ ಕಳಿಸಿದ ಎರಡು ಸಾವಿರ ಅಷ್ಟೇ.

ಆ ‘ಯಾರದೋ’ ಖಾತೆ ಬಗ್ಗೆ ಹುಷಾರು. ತಿಂಗಳಿಗಿಷ್ಟು ಅಂತ ಆಸೆ ತೋರಿಸಿ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಬಾಡಿಗೆಗೆ ಕೇಳ್ತಾರೆ. ಎಲ್ಲೋ ಬೇರೆ ರಾಜ್ಯದಲ್ಲಿ ಸೈಬರ್ ದೂರು ಬಿದ್ದರೆ ಇಲ್ಲಿ ಖಾತೆ ಫ್ರೀಜ್. ಪಿಎಂ ಕಿಸಾನ್ ಕಂತು ಅದೇ ಖಾತೆಗೆ ಬರ್ತಿದ್ದರೆ ಅದೂ ಒಳಗೇ ಕೂರುತ್ತೆ. ಹಾಗಾದಾಗ ಮ್ಯಾನೇಜರ್ ಹತ್ತಿರ ದೂರಿನ ಸಂಖ್ಯೆ, ಯಾವ ಠಾಣೆ, ಎಷ್ಟು ಮೊತ್ತ ತಡೆದಿದ್ದಾರೆ ಅನ್ನೋದನ್ನು ಬರವಣಿಗೆಯಲ್ಲಿ ಕೇಳಿ. ಅದಿಲ್ಲದೆ ಠಾಣೆ ಅಲೆದು ಪ್ರಯೋಜನ ಇಲ್ಲ.

ಮನೆಯಲ್ಲಿ ಮೊದಲು ಫಸಲಿನ ದುಡ್ಡನ್ನು ಬೇರೆ ಖಾತೆಗೆ ಹಾಕಿ. ‘ಇಬ್ಬರೂ ಸಹಿ ಹಾಕಬೇಕು’ ಅನ್ನೋ ಷರತ್ತಿನ ಜಂಟಿ ಖಾತೆಯೇ ಆಗಲಿ, ಯಾಕಂದ್ರೆ ‘ಇಬ್ಬರಲ್ಲಿ ಯಾರಾದರೂ’ ಅಂತ ಬರೆಸಿದರೆ ಒಬ್ಬರ ಫೋನಿಂದಲೇ ಯುಪಿಐನಲ್ಲಿ ಖಾಲಿ ಮಾಡಬಹುದು. ದಿನಖರ್ಚಿನ ಖಾತೆಯಲ್ಲಿ ಬ್ಯಾಂಕ್ ಆ್ಯಪಿನಿಂದ ಯುಪಿಐ ಮಿತಿ ಇಳಿಸಿ, ಎಷ್ಟೋ ಬ್ಯಾಂಕುಗಳಲ್ಲಿ ಆ ಸೌಲಭ್ಯ ಇದೆ. ಯುಪಿಐ ಆ್ಯಪಿನ ಆಟೋಪೇ (ತಾನಾಗೇ ದುಡ್ಡು ಕಡಿತವಾಗೋ) ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರಿದ್ದರೆ ರದ್ದು ಮಾಡಿ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿ, ಕ್ರೋಮ್, ವಾಟ್ಸಾಪ್, ಟೆಲಿಗ್ರಾಂ ಮೂರಕ್ಕೂ ಆಫ್ ಮಾಡಿ. ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಫೈಲು, ಅಂದರೆ ಎಪಿಕೆ, ಬರೋದು ಆ ದಾರೀಲಿ. ಇಷ್ಟಾದರೂ ಬ್ರೌಸರಲ್ಲಿ ತೆರೆದು ಆಡಬಹುದು ಅನ್ನೋದು ನೆನಪಿರಲಿ. ಅದಕ್ಕೇ ದುಡ್ಡಿನ ಕಡೆ ಬಿಗಿ ಮಾಡೋದು ಮೊದಲು ಅಂದೆ.

ಸಾಲದ ಆ್ಯಪ್ ಇದೆಯಾ ಅಂತಲೂ ನೋಡಿ. ಸೋತವರು ಮುಂದೆ ಕೈ ಹಾಕೋದು ಅದಕ್ಕೇ.

‘ಗೆದ್ದ ದುಡ್ಡು ಬೇಕಾದರೆ ಮೊದಲು ಟ್ಯಾಕ್ಸ್ ಕಟ್ಟು’ ಅಂದರೆ ಶುದ್ಧ ಮೋಸ, ಒಂದು ರೂಪಾಯಿನೂ ಹಾಕಬೇಡಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ದುಡ್ಡು ಕಳಿಸಿದ ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್ ಕೈಲಿರಲಿ. ಕೇಂದ್ರದ ಕಾಯಿದೆಯಲ್ಲಿ ಆಡಿದವನಿಗೆ ಶಿಕ್ಷೆ ಇಟ್ಟಿಲ್ಲ, ಆ ಭಯಕ್ಕೆ ದೂರು ತಡ ಮಾಡಬೇಡಿ. ಚಾಟ್ ಡಿಲೀಟ್ ಮಾಡೋ ಮುಂಚೆ ಬುಕ್ಕಿ ನಂಬರ್, ಯುಪಿಐ ಐಡಿ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.