ಪಟ್ಟಿ ಆಮೇಲೆ, ಮೊದಲು ಆಪ್. ಸಿಟ್. ಬಿಡಿ

ಅಡಿಟಿಪ್ಪಣಿಯಲ್ಲಿ ಇಬಿಡ್., ಆಪ್. ಸಿಟ್., ಸಿಎಫ್. ಥರದ ಲ್ಯಾಟಿನ್ ಮೊಟಕುಗಳು ಇಲ್ಲದಿದ್ದರೆ ಪಿಎಚ್.ಡಿ. ಪ್ರಬಂಧಕ್ಕೆ ತೂಕ ಬರಲ್ವಂತೆ, ಎಲ್ಲದರ ಪಟ್ಟಿ ಕೊಡಿ ಅಂತ ಕೇಳಿದ್ದೀರಿ. ನನಗೂ ಇದೇ ಹುಚ್ಚಿತ್ತು. ಶಾಸನಗಳನ್ನು ಪ್ರಕಟಿಸುತ್ತಿದ್ದ ಹಳೇ ಎಪಿಗ್ರಾಫಿಯಾ ಇಂಡಿಕಾ ಸಂಪುಟಗಳ ಅಡಿಟಿಪ್ಪಣಿ ಓದಿ ಓದಿ, ಪುಟದ ಬುಡದಲ್ಲಿ ನಾಲ್ಕು ಲ್ಯಾಟಿನ್ ತುಣುಕು ಉದುರಿಸಿದರೇನೇ ವಿದ್ವತ್ತು ಅಂದುಕೊಂಡಿದ್ದೆ.

ನನ್ನ ವಿಷಯ ಗಂಗರ ಕಾಲದ ದತ್ತಿಗಳು. ಅದಕ್ಕೆ ಕೈಹಾಕಿದ ಮೇಲೆ ಬಿ.ಎಲ್. ರೈಸ್ ಅವರನ್ನು ಬಿಟ್ಟು ಒಂದು ಹೆಜ್ಜೆ ಇಡೋಕಾಗಲ್ಲ. 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುವಾದ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ ಅವರದೇ. 1897ರ ಮೈಸೂರು ಗೆಜೆಟಿಯರ್‌ನ ಎರಡು ಸಂಪುಟ ಅವರದೇ. 1909ರ 'ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್' ಕೂಡ ಅವರದೇ. ಇದು ಸಾಲದು ಅಂತ ಇನ್ನೊಬ್ಬ ರೈಸ್ ಬೇರೆ ಇದ್ದಾರೆ: ಇ.ಪಿ. ರೈಸ್, ಕನ್ನಡ ಸಾಹಿತ್ಯ ಚರಿತ್ರೆ ಬರೆದವರು. ಅದರ 1921ರ ಆವೃತ್ತಿಯನ್ನೂ ನಾನು ಬಳಸಿದ್ದೆ.

ಈಗ ನಾನು ಮಾಡಿದ ಘನಕಾರ್ಯ ಕೇಳಿ. ಮೊದಲ ಅಧ್ಯಾಯದಲ್ಲಿ ಇವೆಲ್ಲದರ ಪೂರ್ಣ ವಿವರ ಕೊಟ್ಟೆ. ಆಮೇಲಿಂದ ಎಲ್ಲಾ ಕಡೆ 'ರೈಸ್, ಆಪ್. ಸಿಟ್., ಪು. 77' ಅಂತ ಹೊಡೆಯುತ್ತಾ ಹೋದೆ. ಆಪ್. ಸಿಟ್. ಅಂದರೆ ಓಪೆರೆ ಚಿಟಾಟೊ, ಈಗಾಗಲೇ ಹೇಳಿದ ಕೃತಿಯಲ್ಲಿ. ಸರಿ, ಯಾವ ಕೃತಿ? ಬರೆಯುವ ದಿನ ನನಗೆ ಗೊತ್ತಿತ್ತು. ಎರಡು ವರ್ಷದ ಮೇಲೆ, ಅಧ್ಯಾಯಗಳನ್ನು ಹಿಂದೆ ಮುಂದೆ ಎಳೆದಾಡಿದ ಮೇಲೆ, ದೇವರಾಣೆಗೂ ಗೊತ್ತಿರಲಿಲ್ಲ. ಇನ್ನೂ ಕೆಟ್ಟ ಸಂಗತಿ ಅಂದರೆ, ನನ್ನ ಟಿಪ್ಪಣಿ ಪುಸ್ತಕದಲ್ಲೇ ಎಷ್ಟೋ ಕಡೆ ಬರೀ 'ರೈಸ್ 77' ಅಂತಿತ್ತು. ಪೂರ್ತಿ ಹೆಸರು ಬರೆಯಲೇಬೇಕು ಅಂತಿದ್ದರೆ ಆ ತೂತು ಅವತ್ತೇ ಕಾಣುತ್ತಿತ್ತು. ಆಪ್. ಸಿಟ್. ಅದರ ಮೇಲೆ ನೀಟಾಗಿ ತೇಪೆ ಹಾಕಿತು, ನನಗೇ ಗೊತ್ತಾಗದ ಹಾಗೆ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೊರಗಿನಿಂದ ಬಂದ ಪರೀಕ್ಷಕರು ಆ ಪುಟ ತೆಗೆದು, ಟಿಪ್ಪಣಿ ಮೇಲೆ ಪೆನ್ನಿನ ತುದಿ ಇಟ್ಟು, "ಯಾವ ರೈಸಪ್ಪಾ?" ಅಂದರು. 1909ರದ್ದು ಅಂದೆ. ಅವರು ಆ ಪುಸ್ತಕ ತಂದೇ ಬಂದಿದ್ದರು. ಪುಟ 77ರಲ್ಲಿ ನಾನು ಹೇಳಿದ್ದು ಇರಲಿಲ್ಲ. ತಿದ್ದಿ ಮತ್ತೆ ಸಲ್ಲಿಸಿ ಅಂದರು. ಲೈಬ್ರರಿಯಲ್ಲಿ ಕೂತು ಒಂದೊಂದೇ ರೈಸ್ ಹುಡುಕಿದೆ; ಕೆಲವು ಸಿಗಲೇ ಇಲ್ಲ, ಅವನ್ನು ನಂಬಿದ್ದ ಪ್ಯಾರಾಗಳನ್ನೇ ಕಿತ್ತೆಸೆದೆ. ಅಷ್ಟರಲ್ಲಿ ನಾನು ಕಾಯುತ್ತಿದ್ದ ಉಪನ್ಯಾಸಕ ಹುದ್ದೆಯ ಅರ್ಜಿಯ ಕೊನೇ ದಿನ ದಾಟಿತ್ತು, ಕೈಯಲ್ಲಿ ಡಿಗ್ರಿ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅಂತೀನಿ. ಹಳೇ ಪುಸ್ತಕ ಓದೋಕೆ ಇವೆಲ್ಲ ಗೊತ್ತಿರಬೇಕು, ಬರೆಯೋಕೆ ಬೇಕಿಲ್ಲ. ಲಾಕ್. ಸಿಟ್. (ಹೇಳಿದ ಅದೇ ಜಾಗದಲ್ಲಿ) ಸತ್ತು ಬಹಳ ಕಾಲವಾಯಿತು. ಇಬಿಡ್. (ಅಲ್ಲೇ, ಅಂದರೆ ಹಿಂದಿನ ಟಿಪ್ಪಣಿಯ ಮೂಲದಲ್ಲೇ) ಕೂಡ ಬೇಡ, ಲೇಖಕರ ಹೆಸರು, ಚುಟುಕು ಶೀರ್ಷಿಕೆ, ಪುಟ ಕೊಡಿ ಅಂತ ಬರವಣಿಗೆ, ಉಲ್ಲೇಖಗಳ ಶೈಲಿ ಹೇಳುವ ಶಿಕಾಗೊ ಕೈಪಿಡಿಯೇ 2017ರ ಆವೃತ್ತಿಯಲ್ಲಿ ಹೇಳಿತು. ಮಧ್ಯೆ ಒಂದು ಹೊಸ ಟಿಪ್ಪಣಿ ತೂರಿಸಿದರೆ ವರ್ಡ್ ಸಂಖ್ಯೆಗಳನ್ನು ಬದಲಿಸುತ್ತದೆ, ಇಬಿಡ್. ಯಾರ ಕಡೆ ಬೆರಳು ಮಾಡುತ್ತಿದೆ ಅಂತ ನೋಡಲ್ಲ. ಕನ್ನಡದಲ್ಲಿ ಬರೆಯುವವರು ನಗಬೇಡಿ, ನಮ್ಮ 'ಅದೇ', 'ಪೂರ್ವೋಕ್ತ' ಎರಡಕ್ಕೂ ಇದೇ ರೋಗ.

ಎಟ್ ಆಲ್. (ಮತ್ತು ಇತರರು) ಬೇಕಾಗುತ್ತದೆ, ಇಟ್ಟುಕೊಳ್ಳಿ. 'ಎಟ್' ಪೂರ್ತಿ ಪದ, ಚುಕ್ಕಿ ಬೇಡ, 'ಆಲ್.' ಮೊಟಕು, ಚುಕ್ಕಿ ಬೇಕು. ಎಪಿಎ ಅನ್ನೋ ಇನ್ನೊಂದು ಶೈಲಿ ಕೈಪಿಡಿಯ ಏಳನೇ ಆವೃತ್ತಿಯಲ್ಲಿ ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಪಠ್ಯದೊಳಗಿನ ಮೊದಲ ಉಲ್ಲೇಖದಿಂದಲೇ ಅದು.

ನನಗೆ ನಿಜಕ್ಕೂ ಇಷ್ಟವಾದದ್ದು ಸಿಎಫ್., ಕಾನ್ಫರ್, ಹೋಲಿಸಿ ನೋಡಿ. ಟಿ. ಬರೋ ಮತ್ತು ಎಂ.ಬಿ. ಎಮೆನೊ ಅವರ ದ್ರಾವಿಡ ಪದಮೂಲ ನಿಘಂಟು ತೆರೆದರೆ ಒಂದು ನಮೂದಿನಿಂದ ಇನ್ನೊಂದಕ್ಕೆ ಅದೇ ದಾರಿ ತೋರಿಸುತ್ತದೆ. ಆದರೆ ನಮ್ಮವರು 'ನನ್ನ ಮಾತಿಗೆ ಆಧಾರ ಇಲ್ಲಿದೆ' ಅನ್ನೋಕೆ ಹಾಕುತ್ತಾರೆ. ಆಧಾರಕ್ಕೆ ಬರೀ 'ನೋಡಿ' ಸಾಕು. ಪಕ್ಕದಲ್ಲಿಟ್ಟು ತೂಗಬೇಕಾದದ್ದು, ಬೇರೆ ಮಾತು ಹೇಳುವುದು ಇದ್ದರೆ ಮಾತ್ರ ಸಿಎಫ್.

ವಿಶ್ವವಿದ್ಯಾಲಯದ ನಿಯಮವೇ ಇಬಿಡ್. ಕೇಳಿದರೆ, ಕರಡಿನಲ್ಲೆಲ್ಲ ಪೂರ್ತಿ ವಿವರ ಇಟ್ಟುಕೊಂಡು, ಗೈಡ್ ಕೊನೇ ಸಹಿ ಹಾಕಿದ ಮೇಲೆ, ಬೈಂಡಿಂಗಿಗೆ ಕೊಡುವ ಮುಂಚೆ ಬದಲಿಸಿ. ಉಲ್ಲೇಖಗಳನ್ನು ನೋಡಿಕೊಳ್ಳುವ ಜೊಟೆರೊ ತಂತ್ರಾಂಶ ಬಳಸಿದರೆ ಅದೇ ಮಾಡಿಕೊಡುತ್ತದೆ. ಆಪ್. ಸಿಟ್. ಹಾಕಲೇಬೇಕು ಅಂತ ಗೈಡ್ ಪಟ್ಟು ಹಿಡಿದರೆ ಹಾಕಿ, ಆದರೆ ಅದರ ಹಿಂದೆ ಪುಸ್ತಕದ ಹೆಸರೂ ಇರಲಿ. ಅದಕ್ಕೆ ಯಾವ ಗೈಡೂ ಬೈದದ್ದು ನಾನಂತೂ ಕೇಳಿಲ್ಲ.