ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ

ಕಾಸರಗೋಡಿನ ಬದಿಯಡ್ಕ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಮಗನಿಗೆ ಮೂರೂವರೆ ವರ್ಷ. ಎರಡೂ ಕಿವಿಗೆ ಮೆಷಿನ್ ಹಾಕಿ ಎಂಟು ತಿಂಗಳಾಯಿತು. ಕೇಳುವ ಅಭ್ಯಾಸ ಮನೆಯಲ್ಲೇ ಮಾಡಿಸಿ ಅಂದಿದ್ದಾರೆ. ದಿನಾ ಸಂಜೆ ಒಂದು ಗಂಟೆ ಕೂರಿಸಿ ಚಿತ್ರದ ಕಾರ್ಡು ತೋರಿಸುತ್ತೇನೆ. ನನ್ನ ಬಾಯಿ ನೋಡಿ ಕೆಲವು ಹೇಳುತ್ತಾನೆ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಮನೆಯಲ್ಲಿ ಹವ್ಯಕ ಭಾಷೆ, ಆಚೆ ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಮಲಯಾಳ. ಯಾವುದರಲ್ಲಿ ಕಲಿಸಲಿ? ಅವನ ಪ್ರಾಯದವರೆಲ್ಲ ಕತೆ ಹೇಳುತ್ತಾರೆ."

ಕೊನೆಯ ಮಾತಿಗೆ ಮೊದಲು ಉತ್ತರ. ಅವನಿಗೆ ಮೂರೂವರೆ ಇರಬಹುದು, ಅವನ ಕಿವಿಗೆ ಇನ್ನೂ ಎಂಟು ತಿಂಗಳು. ಯಾವ ಮಗುವಾದರೂ ವರ್ಷದ ಹತ್ತಿರ ಸುಮ್ನೆ ಕೇಳಿಸಿಕೊಂಡ ಮೇಲೆಯೇ ಮೊದಲ ಮಾತು ಆಡುವುದು. ನೆಂಟರು ಹೋಲಿಸಿದರೆ ಈ ಲೆಕ್ಕ ಹೇಳಿ.

ಇನ್ನು ಆ ಕಾರ್ಡು. ನನ್ನ ಅಕ್ಕನ ಮಗನಿಗೂ ಚಿಕ್ಕಂದಿನಿಂದ ಮೆಷಿನ್. ನಾವೂ ಅವನ ಗಲ್ಲ ಹಿಡಿದು, ಎದುರು ಕೂತು, ಬಾಯಿ ಅಗಲಿಸಿ "ಹಾ...ಲು" ಅನ್ನುತ್ತಿದ್ದೆವು. ಹುಡುಗ ಬಾಯಿ ನೋಡಿ ತಿಳಿಯುವುದರಲ್ಲಿ ಪಳಗಿದ. ಕಿವಿಗೆ ಕೆಲಸವೇ ಇರಲಿಲ್ಲ.

ಆಮೇಲೆ ಅಕ್ಕ ಪಾಠವನ್ನು ಅಡುಗೆಮನೆಗೆ ತಂದಳು. ಅವನು ಬಾಗಿಲ ಹತ್ತಿರ ಆಚೆ ಮುಖ ಮಾಡಿ ಆಡುತ್ತಿರುವಾಗ ಕಾವಲಿಗೆ ದೋಸೆ ಹಿಟ್ಟು ಹೊಯ್ಯುವುದು. ಚುಂಯ್! ಕೂಡಲೇ ಅವನ ಪಕ್ಕ ಬಗ್ಗಿ, "ಕೇಳಿತಾ? ಎಂತದು ಅದು?" ಅಂತ ಕಿವಿಗೆ ಬೆರಳು ತೋರಿಸಿ ಸುಮ್ಮನಾಗುವುದು. ಐದಾರು ಸೆಕೆಂಡ್ ಏನೂ ಹೇಳುವ ಹಾಗಿಲ್ಲ. ಇದು ನಮಗೆ ಭಾರೀ ಕಷ್ಟ, ಬಾಯಿ ತುರಿಸುತ್ತದೆ! ಆಮೇಲೆ ಎತ್ತಿಕೊಂಡು ಹೋಗಿ ಕಾವಲಿ ತೋರಿಸಿ, "ದೋಸೆ ಚುಂಯ್ ಅಂತು" ಅನ್ನುವುದು. ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ, ಅಕ್ಕ ಏನೂ ಹೇಳುವ ಮೊದಲೇ ಅವನು ತನ್ನ ಕಿವಿಗೆ ಬೆರಳಿಟ್ಟು ತಿರುಗಿ ನೋಡಿದ. ಮೊದಲು ಶಬ್ದ, ಆಮೇಲೆ ವಸ್ತು. ಕುಕ್ಕರ್ ಕೂಗು, ತೋಟದಲ್ಲಿ ಅಡಿಕೆ ಹಾಳೆ ಬಿದ್ದ ಸದ್ದು, ಬಸ್ಸಿನ ಹಾರ್ನ್, ಎಲ್ಲಕ್ಕೂ ಇದೇ ಕ್ರಮ. ನಿಮ್ಮ ಒಂದು ಗಂಟೆಯನ್ನು ಇಡೀ ದಿನಕ್ಕೆ ಹಂಚಿಬಿಡಿ.

ಕೂತು ಮಾಡಬೇಕಾದ ಕೆಲಸ ಒಂದೇ, ಬೆಳಗ್ಗೆ ಎರಡು ನಿಮಿಷ. ಆ, ಈ, ಊ, ಮ್, ಶ್, ಸ್. ಇದಕ್ಕೆ, ರೂಪಿಸಿದವರ ಹೆಸರಿನಿಂದಲೇ, ಲಿಂಗ್ ಪರೀಕ್ಷೆ ಅನ್ನುತ್ತಾರೆ. ಮಾತಿನ ದಪ್ಪ ಸ್ವರದಿಂದ ಸಣ್ಣ ಸ್ವರದವರೆಗಿನ ಶಬ್ದಗಳೆಲ್ಲ ಈ ಆರರ ಹರವಿನಲ್ಲಿ ಬರುತ್ತವೆ. ಅವನ ಕೈಗೆ ಸಿಪ್ಪೆ ಸುಲಿಯದ ಒಂದು ಅಡಿಕೆ ಕೊಡಿ. ಹಿಂದೆ ಕೂತು ಮಾಮೂಲಿ ದನಿಯಲ್ಲಿ ಒಂದೊಂದೇ ಹೇಳಿ. ಕೇಳಿದಾಗ ಮಾತ್ರ ಚೆಂಬಿಗೆ ಹಾಕಬೇಕು, ಟಣ್! ನಡುನಡುವೆ ಸುಮ್ಮನೆ ಇರಿ, ಇಲ್ಲದಿದ್ದರೆ ನಿಮ್ಮ ತಾಳ ಹಿಡಿದು ಹಾಕುತ್ತಾನೆ, ಕಳ್ಳ. ಸ್, ಶ್ ಎರಡೇ ತಪ್ಪಿದರೆ ಸಣ್ಣ ಸ್ವರ ಅವನಿಗೆ ಮುಟ್ಟುತ್ತಿಲ್ಲ. ನಿನ್ನೆ ಕೇಳಿದ್ದು ಇವತ್ತು ಒಂದೂ ಕೇಳದಿದ್ದರೆ ಮಗುವನ್ನು ಬೈಯಬೇಡಿ, ಬ್ಯಾಟರಿ ನೋಡಿ, ಕಿವಿಯೊಳಗೆ ಕೂರುವ ಅಚ್ಚಿನಲ್ಲಿ ಗುಗ್ಗೆ ಕಟ್ಟಿದೆಯಾ ನೋಡಿ. ನಮ್ಮ ಮಳೆಗಾಲದಲ್ಲಿ ಟ್ಯೂಬಿನೊಳಗೆ ನೀರಿನ ಹನಿ ನಿಲ್ಲುವುದೂ ಉಂಟು. ರಾತ್ರಿ ಬ್ಯಾಟರಿ ತೆಗೆದು, ಮೆಷಿನನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಬ್ಯಾಟರಿ ಮಾತ್ರ ಮಗುವಿನ ಕೈಗೆ ಸಿಗಬಾರದು, ನುಂಗಿದರೆ ಅಪಾಯ.

ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಅಂದಿರಿ. ಎಷ್ಟು ದೂರದಿಂದ? ದೂರ ಎರಡರಷ್ಟಾದರೆ ಶಬ್ದ 6 ಡೆಸಿಬೆಲ್ (ಶಬ್ದದ ಜೋರು ಅಳೆಯುವ ಲೆಕ್ಕ) ಇಳಿಯುತ್ತದೆ. ಟಿವಿ, ಮಿಕ್ಸಿ, ಶೀಟಿನ ಮಾಡಿನ ಮೇಲೆ ಮಳೆ ಇದ್ದರೆ ಕೇಳುವುದೇ ಬೇಡ. ಒಂದು ಮೊಳ ದೂರದಿಂದ ಶುರು ಮಾಡಿ, ದಿನ ಹೋದ ಹಾಗೆ ಹಿಂದೆ ಸರಿಯಿರಿ. ಬೊಬ್ಬೆ ಹಾಕಬೇಡಿ. ಬೊಬ್ಬೆಯಲ್ಲಿ ಆ, ಊ ಮಾತ್ರ ಜೋರಾಗುತ್ತದೆ, ಸ, ತ, ಕ ಅದರಡಿ ಮುಳುಗುತ್ತವೆ.

ಪದಗಳನ್ನು ಬೇರೆ ಮಾಡಿ ಗುರುತಿಸಲು ಉದ್ದ ಗಿಡ್ಡದಿಂದ ಶುರು ಮಾಡಿ: ಹಾಲು, ಬಾಳೆಹಣ್ಣು. ಹಾಲು, ಕಾಲು ಆಮೇಲೆ. ಅದೂ ಬಂದ ಮೇಲೆ ನಮ್ಮ ಮಾತಿನ ಬಾಲಗಳು. "ಡಬ್ಬಿಯಲ್ಲಿ ಹಾಕು", "ಡಬ್ಬಿಯಿಂದ ತೆಗೆ". ಇವು ಮೆಲ್ಲಗೆ ಬರುವ ತುಂಡುಗಳು, ಇಂಥ ಮಕ್ಕಳಿಗೆ ತಪ್ಪಿಹೋಗುವುದೇ ಅವು. ಅದನ್ನು ಸ್ವಲ್ಪ ಎಳೆದು, ರಾಗವಾಗಿ ಹೇಳಿ.

ಭಾಷೆ? ನೀವು ಅವನನ್ನು ಮುದ್ದು ಮಾಡುವ, ಗದರುವ ಭಾಷೆ. ಅಂದರೆ ಹವ್ಯಕವೇ. ಕಿವಿ ತೊಂದರೆ ಇರುವ ಮಕ್ಕಳೂ ಎರಡು ಮೂರು ಭಾಷೆ ಕಲಿಯುತ್ತಾರೆ. ಆದರೆ ಒಂದು ಗಟ್ಟಿಯಾಗಿ ಬೇರೂರಲಿ. ಅಂಗನವಾಡಿಯ ಟೀಚರಿಗೆ ಹತ್ತಿರ ಬಂದು ಮಾತಾಡಿ ಅನ್ನಿ, ಮಲಯಾಳ ಅದರ ಪಾಡಿಗೆ ಬರುತ್ತದೆ. ಅವನು ಕೈಸನ್ನೆ ಮಾಡಿದರೆ ತಡೆಯಬೇಡಿ. ಅದು ಅವನ ಮಾತೇ.

ಒಂದು ವಿಷಯಕ್ಕೆ ಮಾತ್ರ ತಡ ಮಾಡಬೇಡಿ. ಆರು ಶಬ್ದದ ಲೆಕ್ಕವನ್ನು ಹದಿನೈದು ದಿನ ಕ್ಯಾಲೆಂಡರಿನಲ್ಲಿ ಬರೆದು, ಕಿವಿ ಪರೀಕ್ಷೆ ಮಾಡಿ ಮೆಷಿನ್ ಹೊಂದಿಸುವ ಆಡಿಯಾಲಜಿಸ್ಟರಿಗೆ ತೋರಿಸಿ. ಮೆಷಿನ್ ಸಾಲದು ಅಂತಾದರೆ, ಐದು ವರ್ಷದೊಳಗಿನ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟಿಗೆ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಕೇರಳ ಸರಕಾರದ ಶ್ರುತಿತರಂಗಂ ಯೋಜನೆ ಉಂಟು. ಕನ್ನಡದಲ್ಲೇ ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಅವರದು ಇದೇ ಕೆಲಸ. ಹೋಗುವಾಗ ಆ ಕ್ಯಾಲೆಂಡರ್ ಹಾಳೆಯನ್ನೂ ತೆಗೆದುಕೊಂಡು ಹೋಗಿ.