ಕಾಲು ಮಡಚಿದ್ದು ಸಾಕು

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ.

ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಇಬ್ಬರು ಮಕ್ಕಳು, ಬಾಡಿಗೆ ಮನೆ. ಐದು ವರ್ಷದಿಂದ ಇಬ್ಬರ ಸಂಬಳವೂ ಇದ್ದಲ್ಲೇ ಇದೆ. ತಿಂಗಳ ಇಪ್ಪತ್ತನೇ ತಾರೀಖಿಗೆ ಕೈ ಖಾಲಿ. ಆಮೇಲೆ ಕ್ರೆಡಿಟ್ ಕಾರ್ಡು, ಅದರ ಹಿಂದೆಯೇ ಜಗಳ. ಈ ನಡುವೆ ಮೈದುನ ಬಂದು 'ಅತ್ತಿಗೆ ಕೈ ಸ್ವಲ್ಪ ದೊಡ್ಡದು' ಎಂದು ಅಣ್ಣನ ಕಿವಿಯೂದಿದ್ದಾರೆ. ಖರ್ಚು ಬರೆಯುವ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಟ್ಟಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆಯನ್ನೂ ಉದುರಿಸಿ ಹೋಗಿದ್ದಾರೆ. ಈಗ ಈಕೆಯ ಪ್ರಶ್ನೆ: 'ಖರ್ಚನ್ನು ಇನ್ನೂ ಹೇಗೆ ಕಡಿಮೆ ಮಾಡಲಿ?'

ಅದಕ್ಕೆ ಉತ್ತರ ಆಮೇಲೆ. ನಾಲ್ಕು ಪುಟದ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಮೂರನೇ ಪುಟದ ಒಂದು ಸಾಲಿನ ಮೇಲೆ. 'ಹೊಸದಾಗಿ ಸೇರಿದ ಹುಡುಗಿಗೆ ಕೆಲಸ ಕಲಿಸಿದ್ದು ನಾನೇ. ಅವಳಿಗೆ ನನಗಿಂತ ಜಾಸ್ತಿ ಸಂಬಳವಂತೆ, ಇರಲಿ ಬಿಡಿ.'

ಅಲ್ಲಮ್ಮಾ, ಇರಲಿ ಬಿಡಿ ಅನ್ನುವ ಮಾತಾ ಇದು? ನಿಮ್ಮ ಪತ್ರವೇ ಈ ಸಾಲಿನಿಂದ ಶುರುವಾಗಬೇಕಿತ್ತು. ನೀವು ಮಾಡುವ ಕೆಲಸಕ್ಕೆ ಇವತ್ತಿನ ಬೆಲೆ ಎಷ್ಟು ಅಂತ ನಿಮ್ಮ ಆಫೀಸಿಗೆ ಚೆನ್ನಾಗಿ ಗೊತ್ತಿದೆ. ಹೊರಗಿನಿಂದ ಬರುವವರಿಗೆ ಆ ಬೆಲೆ ಕೊಡದಿದ್ದರೆ ಅವರು ಬರುವುದೇ ಇಲ್ಲ, ಅದಕ್ಕೇ ಕೊಡುತ್ತಾರೆ. ಒಳಗಿರುವವರು ಬಾಯಿ ಬಿಡುವುದಿಲ್ಲ, ಹಾಗಾಗಿ ಅವರಿಗೆ ಹಳೇ ಬೆಲೆ. ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಡಬೇಡಿ, ಪಾಪ. ಅವಳಿಂದಲೇ ನಿಮಗೆ ನಿಮ್ಮ ಬೆಲೆ ತಿಳಿಯಿತು.

ಈಗ ಮೈದುನನ ಲೆಕ್ಕಕ್ಕೆ ಬರೋಣ. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರುತ್ತವೆ ಅಂತಿಟ್ಟುಕೊಳ್ಳಿ. ಐದು ವರ್ಷದ ಹಿಂದೆ 100ಕ್ಕೆ ಬರುತ್ತಿದ್ದದ್ದು ಈಗ 134. ಸಂಬಳ ಅಷ್ಟೇ ಇದ್ದರೆ ಅದರ ಕೊಳ್ಳುವ ಶಕ್ತಿ 75ಕ್ಕೆ ಇಳಿದಿದೆ. 'ಎಲ್ಲರ ಸಂಬಳದಲ್ಲೂ ನೂರಕ್ಕೆ ಇಪ್ಪತ್ತೈದು ಕಡಿತ' ಎಂದು ನೋಟಿಸ್ ಹಚ್ಚಿದ್ದರೆ ಆಫೀಸಿನಲ್ಲಿ ದೊಡ್ಡ ಗಲಾಟೆಯೇ ಆಗುತ್ತಿತ್ತು. ನೋಟಿಸ್ ಇಲ್ಲದೆ ಅದೇ ಆಗಿದೆ. ಸಂಬಳದ ಅಂಕಿ ನೋಡಿ ಏನೂ ಕಡಿಮೆಯಾಗಿಲ್ಲ ಅಂದುಕೊಳ್ಳುವ ಈ ಭ್ರಮೆಯ ಬಗ್ಗೆ ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1928ರಲ್ಲೇ ಇಡೀ ಪುಸ್ತಕ ಬರೆದಿದ್ದರು.

ಇನ್ನೂ ಇದೆ. ಆಗ ಬಾಡಿಗೆ, ಊಟ, ಫೀಸು, ಔಷಧಿ, ಓಡಾಟಕ್ಕೆ ಸಂಬಳದ 100ರಲ್ಲಿ 80 ಹೋಗುತ್ತಿತ್ತು ಅಂತ ಬರೆದಿದ್ದೀರಿ. ಅದೇ ಲೆಕ್ಕದಲ್ಲಿ ಈಗ ಅಷ್ಟಕ್ಕೇ 107 ಬೇಕು. ಅಂದರೆ ಉಳಿದ 20ರ ಖರ್ಚನ್ನು ಪೂರ್ತಿ ನಿಲ್ಲಿಸಿದರೂ, ಹೊಸ ಬಟ್ಟೆ ಇಲ್ಲ, ಸಿನಿಮಾ ಇಲ್ಲ, ಮಕ್ಕಳಿಗೆ ಒಂದು ಆಟಿಕೆಯೂ ಇಲ್ಲ ಅಂದರೂ, ಇನ್ನೂ 7 ಕಡಿಮೆ ಬೀಳುತ್ತದೆ. ಯಾವ ಆ್ಯಪ್ ತಾನೇ ಇದನ್ನು ಸರಿಮಾಡುತ್ತದೆ? ಆದಾಯ ಕಡಿಮೆ ಇದ್ದಷ್ಟೂ ಅದರಲ್ಲಿ ಊಟಕ್ಕೇ ಹೋಗುವ ಪಾಲು ಜಾಸ್ತಿ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು. ಹಾಸಿಗೆಯನ್ನೇ ವರ್ಷಾವರ್ಷ ಕತ್ತರಿಸುತ್ತಾ ಬಂದರೆ ಕಾಲನ್ನು ಎಷ್ಟು ಅಂತ ಮಡಚುತ್ತೀರಿ?

ಆದ್ದರಿಂದ ಖರ್ಚು ಕಡಿಮೆ ಮಾಡುವ ಉಪಾಯ ನಾನು ಹೇಳುವುದಿಲ್ಲ. ಮಾಡುವಷ್ಟನ್ನು ನೀವು ಆಗಲೇ ಮಾಡಿದ್ದೀರಿ. ಮೈದುನನ ಆ್ಯಪ್ ಅಳಿಸಿಹಾಕಿ. ಅಷ್ಟಕ್ಕೂ ಅವರು ಮದುವೆಯಾಗದೆ ಅಪ್ಪನ ಮನೆಯಲ್ಲೇ ಇದ್ದಾರಂತೆ. ಬಾಡಿಗೆ ಕಟ್ಟದವರ ಬಾಯಲ್ಲಿ ಮಿತವ್ಯಯದ ಪಾಠ ಯಾವಾಗಲೂ ಸಲೀಸು. ಇನ್ನು ಯಜಮಾನರು. ಅವರ ಸಂಬಳವೂ ಏರಿಲ್ಲ, ಅವರ ಕಷ್ಟವೂ ಕಷ್ಟವೇ. ಆದರೆ ತಮ್ಮನ ಮಾತಿಗೆ ತಲೆಯಾಡಿಸಿ ಕೂತರಲ್ಲ, ಅದಕ್ಕೆ ನನ್ನ ಕನಿಕರದಲ್ಲಿ ಅವರ ಪಾಲು ಸ್ವಲ್ಪ ಕಡಿಮೆ. ಈ ತಿಂಗಳಿನಿಂದ ಮನೆ ಸಾಮಾನು ಅವರೇ ತರಲಿ. ಬೆಲೆ ಏನಾಗಿದೆ ಅಂತ ಗೊತ್ತಾಗುತ್ತದೆ.

ನೀವು ಮಾಡಬೇಕಾದದ್ದು ಒಂದೇ. ಸಂಬಳ ಏರಿಸಿ ಎಂದು ಲಿಖಿತವಾಗಿ ಕೇಳಿ. ಬಾಯಿಮಾತಿನಲ್ಲಿ ಬೇಡ. ಸಂಬಳ ಕೇಳುವುದು ಸಹಾಯ ಬೇಡುವುದಲ್ಲ ಅಂತ ಈ ಅಂಕಣದಲ್ಲಿ ಬರೆದೂ ಬರೆದೂ ನನ್ನ ಕೈ ಸೋತಿದೆ, ಆದರೂ ಮತ್ತೆ ಬರೆಯುತ್ತೇನೆ. ಪತ್ರದಲ್ಲಿ ಬಾಡಿಗೆ, ಮಕ್ಕಳ ಫೀಸು, ಕಾರ್ಡಿನ ಸಾಲ ಯಾವುದೂ ಬರಬಾರದು. ಅದನ್ನು ಓದಿ 'ಅಯ್ಯೋ ಪಾಪ' ಅನ್ನುತ್ತಾರೆ, ಅಷ್ಟೇ. ಐದು ವರ್ಷದ ಹಿಂದೆ ಯಾವ ಕೆಲಸ ಮಾಡುತ್ತಿದ್ದಿರಿ, ಅದರ ಮೇಲೆ ಏನೇನು ಬಂದು ಸೇರಿತು, ಎಷ್ಟು ಜನರಿಗೆ ಕಲಿಸಿದಿರಿ ಎಂದು ಬರೆಯಿರಿ. ಇಂಥ ಕೆಲಸಕ್ಕೆ ಬೇರೆ ಕಡೆ ಈಗ ಎಷ್ಟು ಕೊಡುತ್ತಿದ್ದಾರೆ ಎಂದು ನಾಲ್ಕು ಜಾಹೀರಾತು ನೋಡಿ ತಿಳಿದುಕೊಳ್ಳಿ. ನಿಮಗೆ ಬೇಕಾದ ಮೊತ್ತವನ್ನು ಅಂಕಿಯಲ್ಲೇ ಹಾಕಿ. 'ಸ್ವಲ್ಪ ನೋಡಿ ಮಾಡಿ' ಅಂದರೆ ಸ್ವಲ್ಪವೇ ಮಾಡುತ್ತಾರೆ. ಆ ಹುಡುಗಿಯ ಹೆಸರು ಮಾತ್ರ ಎಲ್ಲೂ ಬೇಡ, ನಂಬಿ ಹೇಳಿದವಳು.

ಯಾವ ತಾರೀಖಿನೊಳಗೆ ಉತ್ತರ ಬೇಕು ಅಂತಲೂ ನಮೂದಿಸಿ. 'ಮುಂದಿನ ವರ್ಷ ನೋಡೋಣ' ಎಂದು ಬಾಯಲ್ಲಿ ಹೇಳಿ ಕಳಿಸಿದರೆ, ಅದೇ ಮಾತನ್ನು ಅದೇ ದಿನ ಇಮೇಲ್ ಮಾಡಿ ಅವರಿಗೇ ಕಳಿಸಿ. ಮರುದಿನದಿಂದ ಆ ನಾಲ್ಕು ಜಾಹೀರಾತುಗಳಿಗೆ ಅರ್ಜಿ ಹಾಕಲು ಶುರುಮಾಡಿ.